ನೈಟ್ರೋಜನ್–ಪಾಸಿಟ್ರಾನ್ ಚದುರುವಿಕೆ: ಚಿಹ್ನೆ ಬದಲಿಸಿದರೂ ಲೆಕ್ಕ ಕೂಡುತ್ತಿಲ್ಲ

ಒಂಟಿಅಲೆ:
ಎಲೆಕ್ಟ್ರಾನ್ ಚದುರುವಿಕೆಗೆಂದು ನಾನೇ ಬರೆದುಕೊಂಡ ಪ್ರೋಗ್ರಾಂ ಒಂದಿದೆ. ನೈಟ್ರೋಜನ್ ಅಣುವಿನ 2.3 ಎಲೆಕ್ಟ್ರಾನ್‌ವೋಲ್ಟ್ ಬಳಿಯ ಅನುರಣನ (ಎಲೆಕ್ಟ್ರಾನ್ ಕ್ಷಣಕಾಲ ಅಣುವಿನಲ್ಲಿ ಸಿಲುಕಿ ಚದುರುವಿಕೆ ಥಟ್ಟನೆ ಹೆಚ್ಚುವುದು) ಅದರಲ್ಲಿ ಸರಿಯಾಗಿಯೇ ಬರುತ್ತದೆ. ಅದನ್ನೇ ಎಲೆಕ್ಟ್ರಾನಿನ ಧನ ಆವೇಶದ ಪ್ರತಿಕಣವಾದ ಪಾಸಿಟ್ರಾನ್‌ಗೆ ಹೊಂದಿಸಲು ಸ್ಥಿರ ವಿಭವದ (ಮಾರ್ಪಡದ ಅಣುವಿನ ವಿದ್ಯುತ್ ಪ್ರಭಾವ) ಚಿಹ್ನೆ ಬದಲಿಸಿದೆ, ಎಲೆಕ್ಟ್ರಾನ್‌ಗಳ ನಡುವೆ ಮಾತ್ರ ಬರುವ ವಿನಿಮಯದ ಪದವನ್ನು ಕಿತ್ತುಹಾಕಿದೆ, ಧ್ರುವೀಕರಣದ ಭಾಗವನ್ನು (ಒಳಬರುವ ಕಣ ಅಣುವಿನ ಎಲೆಕ್ಟ್ರಾನ್ ಮೋಡವನ್ನು ವಾಲಿಸುವುದರಿಂದ ಹುಟ್ಟುವ ಆಕರ್ಷಣೆ) ಮುಟ್ಟಲಿಲ್ಲ. ಫಲಿತಾಂಶ ನಿರಾಶೆ ತಂದಿದೆ. ಶಕ್ತಿ ತಗ್ಗಿದಂತೆ ಪ್ರಯೋಗದ ಅಡ್ಡಛೇದ (ಚದುರುವ ಸಾಧ್ಯತೆಯ ಅಳತೆ) ಮೇಲೇರುತ್ತದೆ, ನನ್ನದು ಮಲಗಿಬಿಡುತ್ತದೆ. 9 ಎಲೆಕ್ಟ್ರಾನ್‌ವೋಲ್ಟ್‌ ದಾಟಿದ ಮೇಲೂ ನನ್ನ ಬೆಲೆಗಳು ಪ್ರಯೋಗಕ್ಕಿಂತ ಕಡಿಮೆ. ಮೂರು ವಾರದಿಂದ ಇದರಲ್ಲೇ ಇದ್ದೇನೆ. ಎಲ್ಲಿ ಎಡವಿದ್ದೇನೆ?

ಗಣಿತಪ್ರಿಯ:
ಮುಟ್ಟದೆ ಬಿಟ್ಟ ಭಾಗದಲ್ಲೇ ಮೊದಲ ತಪ್ಪಿದೆ. ಅಣುವಿನಿಂದ ದೂರದಲ್ಲಿ ಧ್ರುವೀಕರಣದ ಆಕರ್ಷಣೆ ಎರಡು ಕಣಗಳಿಗೂ ಒಂದೇ. ಅದು ಆವೇಶದ ವರ್ಗವನ್ನು ಅವಲಂಬಿಸುವುದರಿಂದ ಚಿಹ್ನೆಗೆ ಅಲ್ಲಿ ಕೆಲಸವಿಲ್ಲ. ಹತ್ತಿರ ಬಂದಾಗ ಕಥೆ ಬೇರೆ. ಒಳಬರುವ ಎಲೆಕ್ಟ್ರಾನನ್ನು ಅಣುವಿನ ಎಲೆಕ್ಟ್ರಾನ್‌ಗಳು ದೂರವಿಡುತ್ತವೆ. ಪಾಸಿಟ್ರಾನ್ ಬಂದರೆ ಅದರ ಸುತ್ತ ಮುತ್ತಿಕೊಳ್ಳುತ್ತವೆ, ಒಂದು ಎಲೆಕ್ಟ್ರಾನ್ ಕ್ಷಣಕಾಲ ಅದರ ಜೊತೆಗೂಡಿ ಪಾಸಿಟ್ರೋನಿಯಂನಂತೆಯೇ (ಒಂದು ಎಲೆಕ್ಟ್ರಾನ್, ಒಂದು ಪಾಸಿಟ್ರಾನ್ ಸೇರಿದ ಜೋಡಿ) ನಡೆದುಕೊಳ್ಳುತ್ತದೆ. ನಿಮ್ಮ ಧ್ರುವೀಕರಣದ ಭಾಗ ಅಣುವಿನ ಹತ್ತಿರ ಬಳಸುವುದು ಎಲೆಕ್ಟ್ರಾನ್ ಅನಿಲದ ಸಹಸಂಬಂಧ ಸೂತ್ರ, ಅಂದರೆ ಎಲೆಕ್ಟ್ರಾನ್‌ಗಳು ಒಂದನ್ನೊಂದು ತಪ್ಪಿಸಿಕೊಂಡು ಸಾಗುವುದರ ಲೆಕ್ಕ; ಅದರಲ್ಲಿ ಈ ಮುತ್ತುವಿಕೆ ಇಲ್ಲವೇ ಇಲ್ಲ. ಅದರ ಬದಲು ಬೊರೊನ್ಸ್ಕಿ ಮತ್ತು ನೀಮಿನೆನ್ 1986ರಲ್ಲಿ ಕೊಟ್ಟ ಪಾಸಿಟ್ರಾನ್–ಎಲೆಕ್ಟ್ರಾನ್ ಸೂತ್ರವನ್ನು ಹಾಕಿ. ಒಳಗೆ ಅದು, ಹೊರಗೆ ಧ್ರುವೀಕರಣ. ಎರಡೂ ಮೊದಲು ಸಂಧಿಸುವ ಬಿಂದುವಿನಲ್ಲಿ ಜೋಡಿಸಿ.

ಇನ್ನೊಂದು ಮಾತು. ದಯವಿಟ್ಟು ಅಣುವಿನಿಂದ ಶುರುಮಾಡಬೇಡಿ, ಹೈಡ್ರೋಜನ್ ಪರಮಾಣುವಿನ ಮೇಲೆ ಪರೀಕ್ಷಿಸಿ. ಅಲ್ಲಿ ನಿಖರವಾದ ಉತ್ತರ ನಮ್ಮ ಕೈಯಲ್ಲಿದೆ. ಎಸ್-ಅಲೆಯ (ಕೋನೀಯ ಸಂವೇಗ ಸೊನ್ನೆಯಿರುವ ಭಾಗ) ಪ್ರಾವಸ್ಥಾ ಪಲ್ಲಟ, ಅಂದರೆ ಚದುರುವಿಕೆಯಿಂದ ಅಲೆ ಎಷ್ಟು ಸರಿಯಿತು ಎಂಬುದು, ತರಂಗಸಂಖ್ಯೆ (ಶಕ್ತಿಯೊಂದಿಗೆ ಏರುವ ಅಳತೆ) 0.1ರಲ್ಲಿ 0.1483 ರೇಡಿಯನ್, 0.2ರಲ್ಲಿ 0.1877, 0.6ರಲ್ಲಿ ಬರೀ 0.0039, 0.7ರಲ್ಲಿ −0.0512. ಕೆಳಶಕ್ತಿಯಲ್ಲಿ ಆಕರ್ಷಣೆ ಗೆಲ್ಲುತ್ತದೆ, ಮೇಲಕ್ಕೆ ಹೋದಂತೆ ನ್ಯೂಕ್ಲಿಯಸ್ಸಿನ ವಿಕರ್ಷಣೆ ಗೆಲ್ಲುತ್ತದೆ. ಆ ಚಿಹ್ನೆ ಬದಲಾವಣೆ ನಿಮಗೆ ಕಾಣಲೇಬೇಕು. ಸ್ಥಿರ ವಿಭವ ಒಂದನ್ನೇ ಇಟ್ಟರೆ ಚದುರುವಿಕೆ ಉದ್ದ (ಸೊನ್ನೆ ಶಕ್ತಿಯ ಬಳಿಯ ಚದುರುವಿಕೆಯನ್ನು ಹೇಳುವ ಸಂಖ್ಯೆ; ಇಲ್ಲಿ ಧನವೆಂದರೆ ವಿಕರ್ಷಣೆ, ಋಣವೆಂದರೆ ಆಕರ್ಷಣೆ) ಸುಮಾರು +0.58 ಬೋರ್ ಬರಬೇಕು; ನಿಜವಾದದ್ದು −2.10.

ಒಂಟಿಅಲೆ:
ಸ್ಥಿರ ವಿಭವ ಮಾತ್ರ ಇಟ್ಟಾಗ +0.58 ಬಂತು, ಹಾಗಾಗಿ ಅಲೆ ಸಮೀಕರಣ ಬಿಡಿಸುವ ಭಾಗ ಸರಿಯಿದೆ. ಹೊಸ ಸೂತ್ರ ಹಾಕಿದ ಮೇಲೆ ತಕ್ಕಡಿ ಆ ಕಡೆಗೆ ವಾಲಿದೆ. ಹೈಡ್ರೋಜನ್‌ನಲ್ಲಿ 0.1ರ ಪಲ್ಲಟ 0.1483ಕ್ಕಿಂತ ತುಂಬಾ ಮೇಲಿದೆ, ನೈಟ್ರೋಜನ್‌ನ ಅಡ್ಡಛೇದ ಕೆಳಶಕ್ತಿಯಲ್ಲಿ ಆಕಾಶಕ್ಕೇರಿದೆ.

ಗಣಿತಪ್ರಿಯ:
ಎಲೆಕ್ಟ್ರಾನ್ ಸಾಂದ್ರತೆ ಸೊನ್ನೆಯ ಹತ್ತಿರವಿರುವ ದೂರದ ಒಂದು ಬಿಂದುವಿನಲ್ಲಿ, ಜೋಡಿಸುವ ಮೊದಲಿನ ಸಹಸಂಬಂಧ ಶಕ್ತಿಯನ್ನು ಮುದ್ರಿಸಿ. ಎಷ್ಟು ಬರುತ್ತದೆ?

ಒಂಟಿಅಲೆ:
−0.524.

ಗಣಿತಪ್ರಿಯ:
ಸಿಕ್ಕಿತು. ಆ ಸೂತ್ರದ ಶಕ್ತಿ ರಿಡ್‌ಬರ್ಗ್ ಮಾನದಲ್ಲಿದೆ, ನಿಮ್ಮ ಪ್ರೋಗ್ರಾಂ ಅದರ ಎರಡರಷ್ಟಿರುವ ಹಾರ್ಟ್ರೀ ಮಾನದಲ್ಲಿದೆ. ಅರ್ಧ ಮಾಡಿ, −0.262 ಆಗಬೇಕು. ಈ ಸಂಖ್ಯೆ ಎಲ್ಲಿಂದಲೋ ಉದುರಿದ್ದಲ್ಲ. ಒಂದು ಪಾಸಿಟ್ರಾನ್ ಎರಡು ಎಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟುಕೊಂಡ ಪಾಸಿಟ್ರೋನಿಯಂ ಋಣ ಅಯಾನಿನ ಶಕ್ತಿ ಅದೇ. ಅನಿಲ ತೀರಾ ತೆಳುವಾದಾಗ ಉಳಿಯುವುದು ಆ ಅಯಾನು. ಸೂತ್ರದೊಳಗೆ ಇಂಥ ಭೌತಿಕ ಗುರುತು ಕೂತಿರುವುದು ನನಗೆ ಪ್ರತಿ ಸಲವೂ ಸಂತೋಷ ಕೊಡುತ್ತದೆ.

ಮಾನ ಸರಿಪಡಿಸಿದರೆ ಜೋಡಣೆಯ ಬಿಂದುವೂ ತಾನಾಗಿ ಹೊರಕ್ಕೆ ಸರಿಯುತ್ತದೆ. ಆಮೇಲೂ ಹೈಡ್ರೋಜನ್ ಅಂಕಿ ತುಸು ಮೇಲಿದ್ದರೆ ಗಾಬರಿ ಬೇಡ. ಸಮರೂಪ ಅನಿಲದ ಮಾದರಿಯಿಂದ ಅಷ್ಟು ನಿಖರತೆ ನಿರೀಕ್ಷಿಸಲಾಗದು. ಆ ಬಿಂದುವನ್ನು ಕೈಯಾರೆ ತಿರುಚಿ ಪ್ರಯೋಗಕ್ಕೆ ಕೂಡಿಸುವುದನ್ನು ಮಾತ್ರ ಮಾಡಬೇಡಿ. ಅದು ಉತ್ತರ ನೋಡಿ ಲೆಕ್ಕ ಬರೆದಂತೆ.

ನಿರ್ವಾತಕೋಣೆ:
ನಾನು ಪ್ರಯೋಗದ ಕಡೆಯವಳು. 9 ಎಲೆಕ್ಟ್ರಾನ್‌ವೋಲ್ಟ್ ಮೇಲಿನ ಕೊರತೆ ನಿಮ್ಮ ಪ್ರೋಗ್ರಾಂನ ತಪ್ಪಲ್ಲ. ನೀವು ಲೆಕ್ಕ ಹಾಕುತ್ತಿರುವುದು ಸ್ಥಿತಿಸ್ಥಾಪಕ ಚದುರುವಿಕೆ (ಅಣುವಿಗೆ ಶಕ್ತಿ ಕೊಡದೆ ದಿಕ್ಕು ಮಾತ್ರ ಬದಲಿಸುವುದು), ನಾವು ಅಳೆಯುವುದು ಎಲ್ಲ ಬಗೆಯೂ ಸೇರಿದ ಒಟ್ಟು. ನೈಟ್ರೋಜನ್‌ನ ಅಯಾನೀಕರಣ ಶಕ್ತಿ 15.58, ಪಾಸಿಟ್ರೋನಿಯಂನ ಬಂಧನ ಶಕ್ತಿ 6.80 ಕಳೆದರೆ 8.78. ಅಲ್ಲಿಂದ ಪಾಸಿಟ್ರಾನ್ ಅಣುವಿನ ಎಲೆಕ್ಟ್ರಾನನ್ನು ಕರೆದುಕೊಂಡು ಹೊರಡಬಹುದು. ಅದಕ್ಕೂ ತುಸು ಮೊದಲೇ, 8.6ರ ಸುಮಾರಿಗೆ, ಅಣುವಿನ ಎಲೆಕ್ಟ್ರಾನಿಕ್ ಉದ್ರೇಕದ (ಅದರ ಎಲೆಕ್ಟ್ರಾನ್ ಮೇಲಿನ ಶಕ್ತಿಮಟ್ಟಕ್ಕೆ ಏರುವುದು) ಬಾಗಿಲು ತೆರೆದಿರುತ್ತದೆ. ಈ ಸಣ್ಣ ಅಂತರದ ಬಲದ ಮೇಲೆಯೇ ನೈಟ್ರೋಜನ್ ತುಂಬಿದ ಪಾಸಿಟ್ರಾನ್ ಬಲೆಗಳು ಕೆಲಸ ಮಾಡುತ್ತವೆ: ಪಾಸಿಟ್ರಾನ್ ಕಳೆದುಹೋಗದೆ ಶಕ್ತಿ ಕಳೆದುಕೊಂಡು ಒಳಗೇ ಉಳಿಯುತ್ತದೆ.

ಕೆಳಶಕ್ತಿಯಲ್ಲಿ ಹೋಲಿಸುವಾಗಲೂ ಎಚ್ಚರ ಬೇಕು. ಕಾಂತಕ್ಷೇತ್ರದಲ್ಲಿ ಸಾಗುವ ಕಿರಣದಲ್ಲಿ ಸಣ್ಣ ಕೋನಕ್ಕೆ ಚದುರಿದ ಪಾಸಿಟ್ರಾನ್ ಚದುರದೇ ಬಂದದ್ದರಂತೆಯೇ ಕಾಣುತ್ತದೆ. ಬಲೆಯಿಂದ ಹೊರಡುವ ಕಿರಣಗಳಲ್ಲಿ ಆ ಕೋನದ ಸೈನ್ ಎಂದರೆ ಶಕ್ತಿಯ ಹರವನ್ನು ಕಿರಣದ ಶಕ್ತಿಯಿಂದ ಭಾಗಿಸಿದ್ದರ ವರ್ಗಮೂಲ. ಹರವು 60 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಎಂದುಕೊಳ್ಳಿ: 5 ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಸುಮಾರು 6 ಡಿಗ್ರಿ, 1ರಲ್ಲಿ 14, 0.25ರಲ್ಲಿ 29. ಹಿಂದಕ್ಕೆ ಚದುರಿ ಪ್ರತಿಫಲಿಸಿ ಬರುವವೂ ಅಷ್ಟೇ ಕೋನದೊಳಗೆ ತಪ್ಪಿಸಿಕೊಳ್ಳುತ್ತವೆ. ನಿಮ್ಮ ಕೋನೀಯ ಅಡ್ಡಛೇದದಿಂದ ಈ ಎರಡೂ ತುದಿಗಳನ್ನು ಕತ್ತರಿಸಿ, ಉಳಿದದ್ದನ್ನು ಸಂಕಲಿಸಿ ಹೋಲಿಸಿ.

ಒಂಟಿಅಲೆ:
ಅರ್ಧ ಮಾಡಿದೆ. ಹೈಡ್ರೋಜನ್ ಅಂಕಿ ತುಸು ಮೇಲಿದ್ದರೂ ಪಲ್ಲಟದ ಚಿಹ್ನೆ ಬದಲಾವಣೆ ಈಗ ಕಾಣುತ್ತಿದೆ. ನೈಟ್ರೋಜನ್‌ನ ವಕ್ರರೇಖೆ ಪ್ರಯೋಗದಂತೆಯೇ ಕೆಳಶಕ್ತಿಯಲ್ಲಿ ಏರುತ್ತಿದೆ, ತುದಿಗಳನ್ನು ಕತ್ತರಿಸಿದ ಮೇಲೆ ಇನ್ನೂ ಹತ್ತಿರ ಬಂತು. 8.6ಕ್ಕಿಂತ ಮೇಲಿನ ಹೋಲಿಕೆಯನ್ನು ನಕ್ಷೆಯಿಂದಲೇ ತೆಗೆದಿದ್ದೇನೆ. ಇಬ್ಬರಿಗೂ ಮನಃಪೂರ್ವಕ ಧನ್ಯವಾದ. ಸಮಸ್ಯೆ ಬಗೆಹರಿದಿದೆ ಎಂದು ಗುರುತು ಹಾಕುತ್ತಿದ್ದೇನೆ.