ಹಂಚಿನ ಮನೆ, ಮಳೆಗಾಲ, ವಿಡಿಯೋ ಕಾಲು: ಯಾವ ವೆಬ್‌ಕ್ಯಾಮ್ ತಗೋಬಹುದು?

ನಮ್ದು ಹೊಸನಗರದ ಹತ್ರ. ಅಕ್ಕ ಮನೇಲೇ ಕೂತು ಅಮೆರಿಕಾದಲ್ಲಿರೋ ನಮ್ಮ ಕಡೆ ಮಕ್ಕಳಿಗೆ ಸಂಗೀತ ಪಾಠ ಹೇಳ್ತಾಳೆ, ಲ್ಯಾಪ್‌ಟಾಪ್ ಕ್ಯಾಮೆರಾದಲ್ಲಿ ಮುಖ ಮಬ್ಬು ಮಬ್ಬು. ಜಗಲಿಯಲ್ಲಿ ಆಗಾಗ ತಾಳಮದ್ದಲೆ ಇಡ್ತೀವಿ, ಅದನ್ನೂ ಯೂಟ್ಯೂಬಲ್ಲಿ ಲೈವ್ ಬಿಡೋ ಆಸೆ. ಫೋರ್‌ಕೆ ಕ್ಯಾಮೆರಾನೇ ಬೇಕಾ, 1080 ಸಾಕಾ (ಚಿತ್ರ ಎಷ್ಟು ಸ್ಪಷ್ಟ ಅನ್ನೋ ಅಳತೆ)? ಬಳಸಿದವರು ಹೇಳಿ.

ತೀರ್ಥಹಳ್ಳಿ ಕಡೆಯವ
ಫೋರ್‌ಕೆ ಬೇಡ ಮಾರಾಯ್ರೆ, ನಾನು ಮಾಡಿದ ತಪ್ಪು ನೀವು ಮಾಡ್ಬೇಡಿ. ಮನೆಯಿಂದ ಕೆಲಸ ಶುರು ಮಾಡಿದಾಗ ದುಡ್ಡು ಸುರಿದು ತಗೊಂಡೆ, ಆಮೇಲೆ ನೋಡಿದ್ರೆ ಮೀಟಿಂಗಲ್ಲಿ ಆಚೆಯವರಿಗೆ ಹೋಗೋದು ಬಹುತೇಕ 720, ಜನ ಜಾಸ್ತಿ ಸೇರಿದ್ರೆ ಅದೂ ಇಲ್ಲ. ಅದೂ ಹೋಗ್ಲಿ ಅಂದ್ರೆ ಆರಿದ್ರಾ ಮಳೆ ಹಿಡಿದ ಮೇಲೆ ಮಧ್ಯಾಹ್ನ ಮೂರು ಗಂಟೆಗೇ ಒಳಗೆ ಕತ್ತಲೆ, ಅಷ್ಟು ದುಡ್ಡಿನ ಕ್ಯಾಮೆರಾದಲ್ಲೂ ನನ್ನ ಮುಖ ಹೊಗೆ ಹಿಡಿದ ನಾಗಂದಿಗೆ ಥರ ಕಂಡಿತ್ತು. ವೆಬ್‌ಕ್ಯಾಮ್ ಒಳಗಿನ ಸೆನ್ಸರ್ ಚಿಕ್ಕದು, ಬೆಳಕು ಸಾಲದಿದ್ರೆ ಒಂದೊಂದು ಫ್ರೇಮಿಗೂ ಜಾಸ್ತಿ ಹೊತ್ತು ಕಣ್ಣು ಬಿಟ್ಕೊಂಡಿರತ್ತೆ, ಸೆಕೆಂಡಿಗೆ 30 ಬರ್ಬೇಕಾದ್ದು 15ಕ್ಕೆ ಇಳಿಯತ್ತೆ. ನಿಮ್ಮಕ್ಕ ತಾಳ ಹಾಕೋ ಕೈ ಒಂದಿದ್ದದ್ದು ನಾಕಾಗಿ ಕಾಣೋದು ಇದಕ್ಕೇ.

ಮೊದ್ಲು ಕಿಟಕಿಗೆ ಬೆನ್ನು ಹಾಕಿ ಕೂರೋದು ಬಿಡಿಸಿ, ಮುಖ ಕಿಟಕಿ ಕಡೆಗಿರ್ಲಿ. ರಾತ್ರಿ ಪಾಠ ಇದ್ರೆ 9 ವ್ಯಾಟಿನ ಎಲ್‌ಇಡಿ ಬಲ್ಬು ಎರಡು, ನೇರ ಮುಖಕ್ಕಲ್ಲ, ಎದುರಿನ ಬಿಳಿ ಗೋಡೆಗೆ ಹೊಡೆಯೋ ಹಾಗೆ. ಗೋಡೆ ಬಿಳಿ ಇಲ್ದಿದ್ರೆ ಒಂದು ಬಿಳಿ ಪಂಚೆ ನೇತು ಹಾಕಿ, ನಾನು ಹಾಗೇ ಮಾಡಿರೋದು. ಇನ್ನೊಂದು, ಚಿತ್ರದ ಮೇಲೆ ಪಟ್ಟೆ ಪಟ್ಟೆ ಹರಿದಾಡಿದ್ರೆ ಕ್ಯಾಮೆರಾ ಕೆಟ್ಟಿದೆ ಅಂತ ವಾಪಸ್ ಕಳಿಸ್ಬೇಡಿ, ಸೆಟ್ಟಿಂಗಲ್ಲಿ 60 ಹರ್ಟ್ಜ್ ಇರತ್ತೆ, ನಮ್ಮ ಕರೆಂಟು 50, ಅದನ್ನ ಬದಲಾಯಿಸಿದ್ರೆ ಆತು.

ಈಗ ನನ್ನ ಹತ್ರ ಇರೋದು ಲಾಜಿಟೆಕ್ ಸಿ920, 2012ರ ಮಾಡೆಲ್ಲು, ಹಳೇದು, ಆದ್ರೂ 1080ಕ್ಕೆ ಏನೂ ತೊಂದ್ರೆ ಇಲ್ಲ.

ಸಾಗರದಿಂದ
ಮೇಲಿನವರು ಹೇಳಿದ್ದು ಪಾಠಕ್ಕೆ ಸರಿ. ತಾಳಮದ್ದಲೆ ಲೆಕ್ಕ ಬೇರೆ, ಅರ್ಥಧಾರಿಗಳೆಲ್ಲ ಸಾಲಾಗಿ ಕೂತಿರ್ತಾರೆ, ಭಾಗವತರು, ಮದ್ದಲೆಯವರೂ ಒಳಗೆ ಬರ್ಬೇಕು. ಸಿ920 ನೋಟ 78 ಡಿಗ್ರಿ, ಅದು ಮೂಲೆಯಿಂದ ಮೂಲೆಗೆ ಅಳೆದದ್ದು, ಹತ್ತು ಅಡಿ ದೂರ ಇಟ್ರೆ ಅಗಲದಲ್ಲಿ ಸುಮಾರು 14 ಅಡಿ ಸಿಗತ್ತೆ. ವೈರು ಸಾಲಲ್ಲ, ಯುಎಸ್‌ಬಿ 2 ಸಾದಾ ವೈರು 5 ಮೀಟರ್ ದಾಟಿದ್ರೆ ಕೈಕೊಡತ್ತೆ, ಅಲ್ಲಿಂದಾಚೆ ಆಕ್ಟಿವ್ ಎಕ್ಸ್‌ಟೆನ್ಶನ್ ಅಂತ ಬರತ್ತೆ, ಅದು ತಗೊಳ್ಳಿ.

ಲೈವ್ ಬಿಡೋಕೆ ಓಬಿಎಸ್ ಅನ್ನೋ ಸಾಫ್ಟ್‌ವೇರ್ ಬಳಸೋದಾದ್ರೆ ವಿಡಿಯೋ ಫಾರ್ಮ್ಯಾಟಲ್ಲಿ ಎಂಜೆಪೆಗ್ ಆರಿಸಿ, ಅದ್ರಲ್ಲಿ ಕ್ಯಾಮೆರಾನೇ ಚಿತ್ರನ ಕಂಪ್ರೆಸ್ ಮಾಡಿ ಕಳಿಸತ್ತೆ. ಕಂಪ್ರೆಸ್ ಮಾಡದ 1080 ಸೆಕೆಂಡಿಗೆ 1000 ಮೆಗಾಬಿಟ್ ಹತ್ರ ಬೇಡತ್ತೆ, ಯುಎಸ್‌ಬಿ 2 ಕೊಡೋದೇ 480, ಇನ್ನೆಲ್ಲಿ ಸಾಲತ್ತೆ. ನನಗೆ ಇದು ಗೊತ್ತಾಗಕ್ಕೆ ಒಂದು ಪೂರ್ತಿ ಪ್ರಸಂಗ ಹಾಳಾಯ್ತು, ವಾಲಿ ಸುಗ್ರೀವರ ಮಾತು ಒಂದು ಕಡೆ ಬಾಯಿ ಒಂದು ಕಡೆ.

ಲೈವ್ 720ರಲ್ಲೇ ಬಿಡಿ, ಅಪ್‌ಲೋಡ್ 4-5 ಎಂಬಿಪಿಎಸ್ ಒಂದೇ ಸಮ ಸಿಕ್ರೆ ಸಾಕು. ಕರೆಂಟು ಹೋದ್ರೆ ಲ್ಯಾಪ್‌ಟಾಪ್ ಬದುಕಿರತ್ತೆ ರೂಟರ್ ಸಾಯತ್ತೆ, ಹಾಗಾಗಿ ಅದನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿ. ಮತ್ತೆ ಚಾನೆಲ್ಲಲ್ಲಿ ಲೈವ್ ಮೊದಲ್ನೇ ಸಲ ಆನ್ ಮಾಡಿದ್ರೆ ಶುರುವಾಗಕ್ಕೆ 24 ಗಂಟೆವರೆಗೂ ಹಿಡಿಯತ್ತೆ, ಹಿಂದಿನ ದಿನವೇ ಮಾಡಿಟ್ಕೊಳ್ಳಿ.

ಶಿವಮೊಗ್ಗ, ಪಾಠ ಹೇಳೋರು
ನಾನೂ ಹಾಡು ಹೇಳಿಕೊಡೋಳು. ಚಿತ್ರ ಆಮೇಲೆ, ಸ್ವರ ಮೊದ್ಲು. ಕ್ಯಾಮೆರಾದ ಮೈಕು ನಂಬ್ಬೇಡಿ, ಬೇರೆ ಯುಎಸ್‌ಬಿ ಮೈಕು ಇರ್ಲಿ. ಝೂಮಲ್ಲಿ ಒರಿಜಿನಲ್ ಸೌಂಡ್ ಅಂತ ಒಂದು ಆಯ್ಕೆ ಇದೆ, ಆನ್ ಮಾಡಿ. ಇಲ್ದಿದ್ರೆ ಶ್ರುತಿಪೆಟ್ಟಿಗೆ ಒಂದೇ ಸಮ ಮೊಳಗೋದನ್ನ ಅದು ಫ್ಯಾನ್ ಸದ್ದು ಅಂದ್ಕೊಂಡು ಅಳಿಸಿ ಹಾಕತ್ತೆ, ಮಕ್ಕಳು ಆಚೆ ಶ್ರುತಿನೇ ಇಲ್ದೆ ಹಾಡ್ತಿರ್ತಾರೆ. ನನ್ನ ಶಿಷ್ಯೆ ಒಬ್ಬಳು ಮೂರು ತಿಂಗಳು ಹಾಗೇ ಹಾಡಿದ್ಲು, ಬೈದದ್ದು ನೆನೆಸ್ಕೊಂಡ್ರೆ ಈಗ ಪಾಪ ಅನ್ಸತ್ತೆ.

ಆಗುಂಬೆ ಕಡೆ
ಮಳೆಗಾಲದಲ್ಲಿ ಬಳಸದಿದ್ದಾಗ ಮುಚ್ಚಳ ಗಟ್ಟಿ ಇರೋ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಅದರಲ್ಲಿಡಿ. ಇಲ್ದಿದ್ರೆ ಲೆನ್ಸಿಗೆ ಬೂಸ್ಟು ಬರತ್ತೆ, ನನ್ನದಕ್ಕೆ ಬಂದಿದೆ.

ಕೇಳಿದವ
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಟೇಬಲ್ ಕಿಟಕಿ ಕಡೆ ತಿರುಗಿಸಿದೆ, ಹಳೇ ಕ್ಯಾಮೆರಾದಲ್ಲೇ ಮುಖ ಎಷ್ಟೋ ವಾಸಿ. ಆದ್ರೆ ಈಗ ಹಿಂದೆ ಅಡಿಗೆಮನೆ ಬಾಗಿಲು ಬಂತು, ಅಪ್ಪಯ್ಯ ಪಂಚೆ ಎತ್ತಿಕಟ್ಟಿ ಓಡಾಡೋದು ಅಮೆರಿಕಾದವರಿಗೆಲ್ಲ ಕಾಣತ್ತೆ, ಅಲ್ಲೊಂದು ಪರದೆ ಕಟ್ಬೇಕು. 1080ದೇ ತಗೊಳ್ತೀನಿ. ಸಾಗರದವ್ರೆ, ನಮ್ಮ ಜಗಲಿ ಅಗಲ ಎಂಟೇ ಅಡಿ, ಎಂತ ಮಾಡೋದು?

ಸಾಗರದಿಂದ
ಎಂಟಡಿ ದೂರಕ್ಕೆ ಅಗಲದಲ್ಲಿ ಹನ್ನೊಂದಡಿ ಸಿಗತ್ತೆ. ಸಾಲದಿದ್ರೆ ಸ್ಟ್ಯಾಂಡು ಅಂಗಳಕ್ಕೆ ಇಳಿಸಿ, ಮೇಲೊಂದು ಕೊಡೆ ಕಟ್ಟಿ.