ಗೋಡೆ ಕಡೆ ಮುಖ ಮಾಡಿ ನಿಲ್ಲುವ ರಾಣಿ: ಪಶುವೈದ್ಯರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ವಿಜಯಪುರದಿಂದ):
ನಮಸ್ಕಾರ ರೀ ಡಾಕ್ಟ್ರೇ. ನಮ್ಮ ಕಾಕಾ ಗೋಳಗುಮ್ಮಟದ ಹತ್ತಿರ ಟಾಂಗಾ ಹೊಡೆಯುತ್ತಿದ್ದರು. ಮೊಣಕಾಲು ನೋವು ಜಾಸ್ತಿಯಾಗಿ ಬಿಟ್ಟಿದ್ದಾರೆ. ಗಾಡಿ, ಕುದುರೆ ಎರಡೂ ಈಗ ನನ್ನ ಕೈಗೆ ಬಂದಿವೆ. ಏಳು ವರ್ಷದ ಹೆಣ್ಣು ಕುದುರೆ, ಹೆಸರು ರಾಣಿ. ಕಾಕಾ ಕೂಗಿದರೆ ಕತ್ತು ಚಾಚಿ ಬರುತ್ತಾಳೆ. ನಾನು ಒಳಗೆ ಕಾಲಿಟ್ಟರೆ ಗೋಡೆ ಕಡೆ ಮುಖ ಮಾಡಿ ನಿಲ್ಲುತ್ತಾಳೆ, ಕಿವಿ ಹಿಂದಕ್ಕೆ. ಬೆಲ್ಲ ಕೊಟ್ಟರೆ ತಿನ್ನುತ್ತಾಳೆ, ತಿಂದು ಮತ್ತೆ ತಿರುಗಿಬಿಡುತ್ತಾಳೆ. ಗಾಡಿಗೆ ಕಟ್ಟಿದರೆ ಕೆಲಸ ಮಾಡುತ್ತಾಳೆ, ಅದರಲ್ಲಿ ತಕರಾರಿಲ್ಲ. ಆದರೆ ನಾನು ಬಂದರೆ ಅವಳಿಗೆ ಖುಷಿ ಇಲ್ಲ. ಏನೂ ಕೆಲಸ ಹೇಳದೆ ಸುಮ್ನೆ ಜೊತೆಗೆ ಕೂತರೆ ಹೊಂದಿಕೊಳ್ಳುತ್ತಾಳೆ ಅಂತ ಒಬ್ಬರು ಹೇಳಿದರು. ನಿಜಾನಾ?

ಉತ್ತರ:
ನಿಜ. ಆದರೆ ಕೂರುವ ಮೊದಲು ಅವಳಿಗೆ ಎಲ್ಲಾದರೂ ನೋವಿದೆಯಾ ನೋಡಿ. ಎದೆ ಪಟ್ಟಿ, ಹೊಟ್ಟೆ ಪಟ್ಟಿ ಉಜ್ಜುವ ಜಾಗದಲ್ಲಿ ಕೂದಲು ಉದುರಿದೆಯಾ, ಕೈಯಿಟ್ಟರೆ ಚರ್ಮ ಅದುರುತ್ತದಾ? ಬಾಯಿಯ ಮೂಲೆಯಲ್ಲಿ ಲಗಾಮಿನ ಗಾಯ ಇದೆಯಾ? ಮೇವನ್ನು ಅರ್ಧ ಅಗಿದು ಉಂಡೆ ಮಾಡಿ ಉಗುಳುತ್ತಾಳಾ? ಹಾಗಿದ್ದರೆ ಹಲ್ಲು ಚೂಪಾಗಿರಬಹುದು, ತಿಕ್ಕಿಸಬೇಕು. ನೋವಿರುವ ಕುದುರೆಯೂ ಕಿವಿ ಹಿಂದಕ್ಕೆ ಹಾಕುತ್ತದೆ, ಗೋಡೆ ನೋಡಿ ನಿಲ್ಲುತ್ತದೆ. ಅದರ ಪಕ್ಕ ಎಷ್ಟು ಕೂತರೂ ಪ್ರಯೋಜನವಿಲ್ಲ.

ಇನ್ನೊಂದು ಹೊಟ್ಟೆಯದು. ಕುದುರೆಯ ಹೊಟ್ಟೆ ಚಿಕ್ಕದು, ಅದರಲ್ಲಿ ಆಮ್ಲ ಹಗಲು ರಾತ್ರಿ ಊರುತ್ತಲೇ ಇರುತ್ತದೆ. ಬಯಲಲ್ಲಿ ಬಿಟ್ಟ ಕುದುರೆ ದಿನದಲ್ಲಿ 14–16 ಗಂಟೆ ಮೇಯುತ್ತದೆ. ಸ್ಟ್ಯಾಂಡಿನಲ್ಲಿ ಗಿರಾಕಿಗೆ ಕಾಯುತ್ತಾ ಖಾಲಿ ಹೊಟ್ಟೆಯಲ್ಲಿ ನಿಂತರೆ ಹುಣ್ಣಾಗುತ್ತದೆ, ಸಿಡುಕು ಬರುತ್ತದೆ. ಗಾಡಿಯಲ್ಲಿ ಒಣಹುಲ್ಲಿನ ಚೀಲ ಇಟ್ಟುಕೊಳ್ಳಿ. ಹುರುಳಿಗಿಂತ ಮೊದಲು ಹುಲ್ಲು.

ಇವೆಲ್ಲ ಸರಿ ಇದ್ದರೆ ಒಂದು ಮಾತು ಕೇಳುತ್ತೇನೆ. ಗಾಡಿ ಬಿಚ್ಚಿದ ಮೇಲೆ ಕಾಕಾ ಏನು ಮಾಡುತ್ತಿದ್ದರು? ನೀವು ಏನು ಮಾಡುತ್ತೀರಿ?

ಪ್ರಶ್ನೆ ಕೇಳಿದವರು:
ಕಾಕಾ ತಬೇಲಾದಲ್ಲೇ ಕೂರುತ್ತಿದ್ದರು ಸರ್. ಪಟ್ಟಿ ಒರೆಸುವುದು, ಚಹಾ ಕುಡಿಯುವುದು, ರೇಡಿಯೋ ಕೇಳುವುದು, ಎಲ್ಲ ಅಲ್ಲೇ. ಕಾಕಿ ಊಟಕ್ಕೆ ಕರೆದು ಕರೆದು ಸಾಕಾಗುತ್ತಿದ್ದರು. ನಾನು ಮೇವು ಹಾಕಿ, ನೀರಿಟ್ಟು ಮನೆಗೆ ಬರುತ್ತೇನೆ.

ಉತ್ತರ:
ಹಾಗಾದರೆ ರಾಣಿ ಲೆಕ್ಕ ತಪ್ಪಿಲ್ಲ. ನೀವು ಬಂದಿರಿ ಅಂದರೆ ಬಾಯಿಗೆ ಲಗಾಮು, ಮೇಲೆ ಪಟ್ಟಿ, ಹಿಂದೆ ಗಾಡಿ, ರಸ್ತೆಯಲ್ಲಿ ಬಸ್ಸಿನ ಹಾರ್ನು. ಕಾಕಾ ಬಂದರೆ ಅದರ ಜೊತೆಗೆ ಸಂಜೆಯ ವಿಶ್ರಾಂತಿಯೂ ಬರುತ್ತಿತ್ತು. ನೀವು ಆ ಸಂಜೆಯ ಮನುಷ್ಯ ಆಗಬೇಕು, ಅಷ್ಟೇ.

ಗಾಡಿ ಬಿಚ್ಚಿ, ಮೈ ಉಜ್ಜಿ, ನೀರು ಕುಡಿಸಿ, ಮುಂದೆ ಹುಲ್ಲು ಹಾಕಿ. ಆಮೇಲೆ ಒಂದು ಸ್ಟೂಲ್ ತಂದು ಒದೆತ ತಾಗದಷ್ಟು ದೂರದಲ್ಲಿ, ಅವಳ ಭುಜದ ಕಡೆ ಕೂರಿ. ನೆಲದ ಮೇಲೆ ಬೇಡ, ಗಾಬರಿಯಾದರೆ ತಕ್ಷಣ ಏಳಲು ಬರಬೇಕು. ಬಾಗಿಲಿಗೆ ಅಡ್ಡ ಕೂರಬೇಡಿ. ಹಗ್ಗ ಅವಳು ನಿಮ್ಮ ಕಡೆ ತಿರುಗಿ ಬರುವಷ್ಟು, ದೂರ ಸರಿಯುವಷ್ಟು ಉದ್ದ ಇರಲಿ, ಆದರೆ ಕಾಲಿಗೆ ಸುತ್ತಿಕೊಳ್ಳಬಾರದು. ಬೇಡ ಅನ್ನಿಸಿದರೆ ದೂರ ಹೋಗಬಹುದು ಅಂತ ಗೊತ್ತಾದರೆ ಮಾತ್ರ ಹತ್ತಿರ ಬರುವ ಮನಸ್ಸು ಮಾಡುತ್ತಾಳೆ.

ದಿಟ್ಟಿಸಿ ನೋಡಬೇಡಿ. ಕುದುರೆಗೆ ಸುತ್ತಲೂ ಸುಮಾರು 350 ಡಿಗ್ರಿ ಕಾಣುತ್ತದೆ. ಹಣೆಯ ನೇರ ಮುಂದೆ ಸ್ವಲ್ಪ, ಬಾಲದ ನೇರ ಹಿಂದೆ ಸ್ವಲ್ಪ ಕಾಣುವುದಿಲ್ಲ. ಭುಜದ ಹತ್ತಿರ ಕೂತರೆ ಅವಳು ಹುಲ್ಲು ತಿನ್ನುತ್ತಲೇ ನಿಮ್ಮನ್ನು ಪೂರ್ತಿ ನೋಡುತ್ತಿರುತ್ತಾಳೆ. ಕಾಕಾನ ಹಾಗೆ ಪಟ್ಟಿ ಒರೆಸುತ್ತಾ ಕೂರಿ. ಮೊಬೈಲ್ ಮಾತ್ರ ಮನೆಯಲ್ಲೇ ಇರಲಿ. ಅದು ಕೈಯಲ್ಲಿದ್ದರೆ ನಾನು ಈಗ ಹೇಳುವುದು ಯಾವುದೂ ನಿಮಗೆ ಕಾಣುವುದಿಲ್ಲ.

ಮೊದಲು ನಿಮ್ಮ ಕಡೆಯ ಕಿವಿ ನೋಡಿ. ಹಿಂದಕ್ಕೆ ಒತ್ತಿದ್ದ ಕಿವಿ ಸಡಿಲವಾಗಿ ಪಕ್ಕಕ್ಕೆ ವಾಲುತ್ತದೆ. ನಂತರ ಕಣ್ಣಿನ ಮೇಲಿನ ಸುಕ್ಕು ಇಳಿಯುತ್ತದೆ, ರೆಪ್ಪೆ ಅರ್ಧ ಮುಚ್ಚುತ್ತದೆ. ಕೆಳತುಟಿ ಜೋಲುತ್ತದೆ. ಹಿಂದಿನ ಒಂದು ಕಾಲನ್ನು ಗೊರಸಿನ ತುದಿಯ ಮೇಲೆ ಇಟ್ಟು ಭಾರ ಬಿಡುತ್ತಾಳೆ. ಮೂಗಿನಿಂದ ಉದ್ದನೆಯ ಉಸಿರು ಬಿಡಬಹುದು. ನೀವು ಪಕ್ಕದಲ್ಲಿದ್ದಾಗ ಇದೆಲ್ಲ ಆದರೆ, ನಿಮ್ಮ ಎದುರು ಮೈಮರೆತು ನಿಂತರೂ ಅಪಾಯವಿಲ್ಲ ಅಂತ ಅವಳಿಗೆ ಅನ್ನಿಸಿದೆ. ನನ್ನ ಮಟ್ಟಿಗೆ ಇದು ಕೂಗಿದ ಕೂಡಲೇ ಬರುವುದಕ್ಕಿಂತ ದೊಡ್ಡದು.

ತಾನಾಗೇ ಬಂದು ಮೂಸಿದರೆ ಹಗ್ಗಕ್ಕೆ ಕೈ ಹಾಕಬೇಡಿ. ಕೈ ಹಿಂಭಾಗ ಮೂಸಲು ಕೊಡಿ. ಅಲ್ಲೇ ನಿಂತರೆ ಕತ್ತು ಬೆನ್ನಿಗೆ ಸೇರುವ ಎತ್ತರದ ಜಾಗವನ್ನು ಬೆರಳಿನಿಂದ ನಿಧಾನವಾಗಿ ಕೆರೆಯಿರಿ. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವುದು ಹೆಚ್ಚಾಗಿ ಅಲ್ಲೇ. ಅಲ್ಲಿ ಕೆರೆದರೆ ಹೃದಯದ ಬಡಿತ ಇಳಿಯುತ್ತದೆ ಅಂತ 1993ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ಬೇಕಾದರೆ ನೀವೇ ನೋಡಬಹುದು. ದವಡೆ ಮೂಳೆಯ ಕೆಳಅಂಚಿನ ಒಳಗೆ ಬೆರಳಿಟ್ಟರೆ ನಾಡಿ ಸಿಗುತ್ತದೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಬೆಳೆದ ಕುದುರೆಗೆ ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44 ಇರಬೇಕು. ಕತ್ತಿಗೆ ಪಟಪಟ ಬಡಿದು ಶಭಾಷ್ ಅನ್ನುವುದನ್ನು ದಯವಿಟ್ಟು ಬಿಡಿ. ಆ ಸಂತೋಷ ನಮಗೆ, ಅವಳಿಗಲ್ಲ.

ಬೆಲ್ಲ ಕೈಯಲ್ಲಿ ಕೊಡುವುದು ಸದ್ಯಕ್ಕೆ ನಿಲ್ಲಿಸಿ. ಈಗ ಅವಳು ಬರುತ್ತಿರುವುದು ಬೆಲ್ಲಕ್ಕೆ. ಮುಂದೆ ಲಗಾಮು ಹಾಕಿಸಿಕೊಳ್ಳಲು ತಾನಾಗೇ ತಲೆ ತಗ್ಗಿಸಿದಾಗ, ಆ ಕ್ಷಣದಲ್ಲೇ, ಒಂದು ತುಂಡು ಗಜ್ಜರಿ ಕೊಡಿ. ಅದರಿಂದ ಅವಳು ಕಲಿಯುತ್ತಾಳೆ.

ಗೋಕಾಕ ಕಡೆಯವರು:
ಸರ್, ನಮ್ಮದು ಜಾತ್ರೆಯಲ್ಲಿ ಶರ್ಯತ್ತಿಗೆ ಓಡುವ ಕುದುರೆ. ಹೀಗೆ ಮುದ್ದು ಮಾಡುತ್ತಾ ಕೂತರೆ ಮೆತ್ತಗಾಗುತ್ತದೆ, ಓಡುವ ಕಿಚ್ಚು ಹೋಗುತ್ತದೆ ಅಂತ ನಮ್ಮ ಹಿರಿಯರು ಹೇಳುತ್ತಾರೆ.

ಉತ್ತರ:
ಹಿರಿಯರ ಬಗ್ಗೆ ಗೌರವ ಇದೆ ಅಣ್ಣಾ, ಆದರೆ ಈ ಮಾತು ನಾನು ಒಪ್ಪುವುದಿಲ್ಲ. ಕುದುರೆ ನಿಂತೇ ತೂಕಡಿಸಬಲ್ಲದು, ನಿಜ. ಆದರೆ ಗಾಢ ನಿದ್ದೆಗೆ ಮಲಗಲೇಬೇಕು. ಜಾಗ ಸುರಕ್ಷಿತ ಅನ್ನಿಸದಿದ್ದರೆ ಅದು ಮಲಗುವುದೇ ಇಲ್ಲ. ದಿನಗಟ್ಟಲೆ ಮಲಗದ ಕುದುರೆ ನಿಂತಲ್ಲೇ ಜೋಂಪು ಹತ್ತಿ ಮುಂಗಾಲಿನ ಮೇಲೆ ಕುಸಿಯುತ್ತದೆ. ನಿಮ್ಮ ಕುದುರೆಯ ಮುಂಗಾಲಲ್ಲಿ ಗೊರಸಿನ ಮೇಲಿನ ಗೆಣ್ಣು ನೋಡಿ. ಅದರ ಮುಂಭಾಗ ಮತ್ತೆ ಮತ್ತೆ ತರಚಿದ್ದರೆ ನಿದ್ದೆ ಸಾಲುತ್ತಿಲ್ಲ ಅಂತ ಅನುಮಾನ ಪಡಿ. ಬೆಳಿಗ್ಗೆ ಮೈಗೆ ಹುಲ್ಲು ಅಂಟಿದ್ದರೆ ಸಮಾಧಾನ. ನಿದ್ದೆಗೆಟ್ಟ ಕುದುರೆಗೆ ಓಟ ಎಲ್ಲಿಂದ ಬರಬೇಕು?

ಇನ್ನು ಕಿಚ್ಚಿನ ವಿಷಯ. ಸ್ವೀಡನ್ನಿನವರು 2009ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕುದುರೆ ಹಿಡಿದು ನಡೆಸುವವರಿಗೆ, ಈ ಸಲ ಪಕ್ಕದಲ್ಲಿ ಕೊಡೆ ಬಿಚ್ಚುತ್ತೇವೆ ಅಂತ ಹೇಳಿದರು. ಕೊಡೆ ಬಿಚ್ಚಲೇ ಇಲ್ಲ. ಆದರೂ ಮನುಷ್ಯನ ಎದೆಬಡಿತ ಏರಿತು, ಕುದುರೆಯದೂ ಏರಿತು. ಶರ್ಯತ್ತಿನ ದಿನ ಸುತ್ತಲೂ ಗದ್ದಲ, ಸೀಟಿ, ಹಲಗೆ. ಆಗ ಹಗ್ಗ ಹಿಡಿದವನು ಗಾಬರಿಯಾದರೆ ಕುದುರೆಗೂ ಗಾಬರಿ. ನಿಮ್ಮ ಪಕ್ಕ ಸುಮ್ನೆ ನಿಲ್ಲುವುದು ಅದಕ್ಕೆ ಮನೆಯಲ್ಲೇ ರೂಢಿಯಾಗಿದ್ದರೆ ಅಂದು ಓಟದ ಮೊದಲೇ ಬೆವತು ಶಕ್ತಿ ಕಳೆಯುವುದು ಕಡಿಮೆಯಾಗುತ್ತದೆ. ಇದನ್ನೂ ಕೇಳಿಕೊಳ್ಳುತ್ತೇನೆ: ಚಾಟಿ ಏಟಿನ ಹೆದರಿಕೆಗೆ ಓಡುವುದನ್ನು ಕಿಚ್ಚು ಅನ್ನಬೇಡಿ.

ಮುಧೋಳದಿಂದ ಒಬ್ಬ ತಾಯಿ:
ಡಾಕ್ಟ್ರೇ, ನಮ್ಮ ಮನೆಯಲ್ಲೂ ಒಂದು ಕುದುರೆ ಇದೆ. ಮಗಳಿಗೆ ಹತ್ತು ವರ್ಷ, ಅದರ ಹತ್ತಿರ ಕೂತು ಪಾಠ ಓದುತ್ತಾಳೆ. ಬಿಡಬಹುದಾ?

ಉತ್ತರ:
ಓದಲಿ ಅಕ್ಕಾ. ಒಂದೇ ಧಾಟಿಯಲ್ಲಿ ಮೆಲ್ಲಗೆ ಓದುವ ದನಿ ಕುದುರೆಗೆ ಬೇಗ ರೂಢಿಯಾಗುತ್ತದೆ. ಆದರೆ ಗೂಟದ ಬೇಲಿಯ ಹೊರಗೆ ಕೂತು ಓದಲಿ, ದೊಡ್ಡವರೊಬ್ಬರು ಕಣ್ಣಳತೆಯಲ್ಲಿರಲಿ. ಎಷ್ಟೇ ಸಾಧು ಕುದುರೆಯಾದರೂ ಹಾವು ಕಂಡರೆ, ಪಟಾಕಿ ಸಿಡಿದರೆ ಮೊದಲು ಜಿಗಿಯುತ್ತದೆ, ಆಮೇಲೆ ನೋಡುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು ಅಂತ ಮಗಳಿಗೆ ಕಲಿಸಿ. ಹಿಂದಿನಿಂದ ಹೋಗುವಾಗ ಮೊದಲು ದನಿ ಕೊಡಲಿ. ಧನುರ್ವಾಯುವಿನ ಇಂಜೆಕ್ಷನ್ ಮಗಳಿಗೂ ಕುದುರೆಗೂ ಆಗಿದೆಯಾ ನೋಡಿಕೊಳ್ಳಿ. ಲದ್ದಿ ಬಿದ್ದ ಮಣ್ಣಿನಲ್ಲಿ ಅದರ ರೋಗಾಣು ಇರುತ್ತದೆ, ಮೊಳೆ ಚುಚ್ಚಿದ ಸಣ್ಣ ಗಾಯವೂ ಸಾಕು.

ಪ್ರಶ್ನೆ ಕೇಳಿದವರು:
ಸರ್, ಹೊಟ್ಟೆ ಪಟ್ಟಿಯ ಹತ್ತಿರ ಎಡಗಡೆ ಕೂದಲು ಉದುರಿದೆ. ಈಗಷ್ಟೇ ನೋಡಿದೆ. ಮುಟ್ಟಿದರೆ ಚರ್ಮ ಅದುರುತ್ತದೆ.

ಉತ್ತರ:
ಹಾಗಿದ್ದರೆ ಅದು ಪೂರ್ತಿ ವಾಸಿಯಾಗುವ ತನಕ ಗಾಡಿಗೆ ಕಟ್ಟಬೇಡಿ. ದುಡಿಮೆಗೆ ತೊಂದರೆ ಅಂತ ಗೊತ್ತು, ಆದರೂ ಬೇಡ. ಆ ಜಾಗ ಬಿಸಿ ಇದೆಯಾ, ಊದಿದೆಯಾ, ರಸಿಗೆ ಇದೆಯಾ ನೋಡಿ, ಹಗಲು ಬೆಳಕಲ್ಲಿ ಫೋಟೋ ತೆಗೆದು ಇಲ್ಲೇ ಹಾಕಿ. ಪಟ್ಟಿಯ ಒಳಬದಿಯ ಫೋಟೋ ಕೂಡ ಬೇಕು, ಅಲ್ಲಿ ಹೊಲಿಗೆ ಎದ್ದಿರುವ ಸಾಧ್ಯತೆ ಇದೆ. ಸಂಜೆ ಕೂರುವುದನ್ನು ಇವತ್ತೇ ಶುರು ಮಾಡಿ, ಕಾಕಾನನ್ನೂ ಕರೆದುಕೊಂಡು ಹೋಗಿ.