ಆ ಕಂಪನಿ ಏನು ತಯಾರಿಸುತ್ತದೆ?

ಭಾನುವಾರ ಸಂಜೆ ಮಳೆ. ನಾವೆಲ್ಲ ಶಾರ್ಕ್ ಮನೆಯಲ್ಲಿ ಸೇರಿದ್ದೆವು. ಶಾರ್ಕ್ ಅಂದರೆ ಮೀನಲ್ಲ, ಗೆಳೆಯ. 2021ರ ಡಿಸೆಂಬರಿನಲ್ಲಿ ಟೀವಿಯಲ್ಲಿ ಶಾರ್ಕ್ ಟ್ಯಾಂಕ್ ಇಂಡಿಯಾ, ಅಂದರೆ ಕಂಪನಿಯ ಪಾಲು ಕೊಡುತ್ತೇವೆ ಎಂದು ಶಾರ್ಕ್ ಎನ್ನುವ ದುಡ್ಡಿನವರ ಹತ್ತಿರ ಬಂಡವಾಳ ಕೇಳುವ ಶೋ, ಶುರುವಾದ ದಿನದಿಂದ ಅವನು ಮನುಷ್ಯರ ಭಾಷೆ ಬಿಟ್ಟಿದ್ದಾನೆ. ಊಟ ಹೇಗಿತ್ತು ಅಂತ ಕೇಳಿದರೆ "ಸ್ಕೇಲ್ ಮಾಡಬಹುದು" ಎನ್ನುತ್ತಾನೆ.

ಇನ್ನಿಬ್ಬರು ಲೆಡ್ಜರ್ ಮತ್ತು ಬ್ಯಾಂಕಿಂಗ್. ಲೆಡ್ಜರ್ ಹತ್ತಾರು ಅಂಗಡಿಗಳ ಲೆಕ್ಕ ಬರೆಯುವವನು, ಪ್ರತಿ ತಿಂಗಳು 20ನೇ ತಾರೀಕು ದಾಟುವ ತನಕ ಅಪ್ಪನ ಫೋನನ್ನೂ ಎತ್ತುವುದಿಲ್ಲ. ಬ್ಯಾಂಕಿಂಗ್ ಇರುವುದು ಬ್ಯಾಂಕಿನಲ್ಲಲ್ಲ. ಅವನು ಸೀರಿಯಲ್ ಎಡಿಟರ್. ಮುಂಚೆಯೇ ಶೂಟ್ ಮಾಡಿ ಇಟ್ಟುಕೊಂಡ ಎಪಿಸೋಡುಗಳಿಗೆ ಸೀರಿಯಲ್ ಜನ ಬ್ಯಾಂಕಿಂಗ್ ಎನ್ನುತ್ತಾರೆ. ಇವನು ಸದಾ "ಬ್ಯಾಂಕಿಂಗ್ ಇಲ್ಲ, ಬ್ಯಾಂಕಿಂಗ್ ಇಲ್ಲ" ಎಂದು ಒದ್ದಾಡುವುದನ್ನು ಕೇಳಿ ಅವನ ಸೋದರತ್ತೆ, ಪಾಪ ಹುಡುಗನ ಬ್ಯಾಂಕ್ ಕೆಲಸ ಹೋಯಿತು ಅಂದುಕೊಂಡು ಮಂತ್ರಾಲಯಕ್ಕೆ ಹರಕೆ ಹೊತ್ತಿದ್ದರು.

ಟೀವಿಯಲ್ಲಿ ಯಾವುದೋ ಸೀರಿಯಲ್ ಓಡುತ್ತಿತ್ತು. ಸೂಟು ಹಾಕಿದವನೊಬ್ಬ ಮಹಡಿಯಿಂದ ಇಳಿದು ಬಂದು, ಟೇಬಲ್ ಮೇಲಿನ ಅರ್ಧ ಲೋಟ ಜ್ಯೂಸ್ ಕುಡಿದು, "ಅಮ್ಮಾ, ಇವತ್ತು ನೂರು ಕೋಟಿ ಡೀಲ್ ಇದೆ" ಎಂದು ಕಾಲಿಗೆ ನಮಸ್ಕಾರ ಮಾಡಿ ಹೊರಟ.

"ಇವರ ಕಂಪನಿ ಏನು ತಯಾರಿಸುತ್ತದೆ?" ಲೆಡ್ಜರ್ ಕೇಳಿದ.

ಬ್ಯಾಂಕಿಂಗ್ ಯೋಚಿಸಿದ. ಅದು ಅವನೇ ಎಡಿಟ್ ಮಾಡುವ ಸೀರಿಯಲ್. ಮೂರು ವರ್ಷದಿಂದ ಮಾಡುತ್ತಿದ್ದಾನೆ. "ಟೆಂಡರ್" ಅಂದ.

"ಟೆಂಡರ್ ಹಾಕುತ್ತಾರೆ ಸರಿ. ಯಾವುದಕ್ಕೆ?"

"ಅದು ಬಂದಿಲ್ಲ ಇನ್ನೂ. ಟೆಂಡರ್ ಅಂದರೆ ಒಂದು ಕಂದು ಕವರ್. ಅದನ್ನು ಚಿಕ್ಕಮ್ಮ ಕದಿಯಬೇಕು. ಅಷ್ಟೇ ಅದರ ಕೆಲಸ."

ನಾನು ಆಫೀಸಿನಲ್ಲಿ ಹದಿನೇಳು ವರ್ಷ ಕಳೆದವನು. ನನ್ನ ದಿನವನ್ನು ಸೀರಿಯಲ್ ಮಾಡಿದರೆ ಒಬ್ಬ ಮನುಷ್ಯ ಮೇಲ್ ತೆರೆದು, ಓದಿ, ಇನ್ನೊಬ್ಬರಿಗೆ ಕಳಿಸಿ, ಕಾಫಿಗೆ ಹೋಗುವುದನ್ನು ಜನ 22 ನಿಮಿಷ ನೋಡಬೇಕಾಗುತ್ತದೆ. ಅದೂ ಮಾರನೇ ದಿನ ಆ ಮೇಲ್ ನನಗೇ ವಾಪಸ್ ಬರುತ್ತದೆ, ಒಳ್ಳೆ ಟ್ವಿಸ್ಟ್ ಅಲ್ವಾ. ಆದರೂ ನಮ್ಮ ಟೀವಿಯಲ್ಲಿ ಕೆಲಸ ಮಾಡುವ ಜನ ಕಾಣುವುದೇ ಅಪರೂಪ. ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳಲ್ಲಿ ವಕೀಲರು ಕೋರ್ಟಿಗೆ ಹೋಗಿ ಗಂಟಲು ಹರಿಯುವ ತನಕ ವಾದ ಮಾಡುತ್ತಿದ್ದರು. ನಮ್ಮ ಮನೆಯಲ್ಲಿ ಅಡುಗೆ ಮುಗಿಸಿ ಕೂತು ಆ ಪಾಟೀಸವಾಲು ನೋಡುತ್ತಿದ್ದರು. ಈಗಿನ ವಕೀಲ ಸೀದಾ ಮನೆಗೇ ಬರುತ್ತಾನೆ, ಖಾಲಿ ಪೇಪರಿನ ಜೊತೆ.

"ಆ ಖಾಲಿ ಪೇಪರು!" ಲೆಡ್ಜರ್ ಎದ್ದು ಕೂತ. ಇದು ಅವನ ಹುಣ್ಣು. "ನಿದ್ದೆಗಣ್ಣಲ್ಲಿ ಒಂದು ಸಹಿ ಹಾಕಿಸಿಕೊಂಡರೆ ಆಸ್ತಿಯೆಲ್ಲ ಅತ್ತೆಯ ಹೆಸರಿಗಂತೆ. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಯಾರು ಹೋದರು? ಫೋಟೋ ಯಾರು ಕೊಟ್ಟರು, ಹೆಬ್ಬೆಟ್ಟು ಯಾರು ಒತ್ತಿದರು? ಅದೆಲ್ಲ ಬಿಡು, ಸ್ಟಾಂಪ್ ಡ್ಯೂಟಿ ಯಾರು ಕಟ್ಟಿದರು? ಅತ್ತೆ ಕಟ್ಟಿದಳಾ?"

"ಕಟ್ಟುವುದನ್ನು ತೋರಿಸಿದರೆ ಅತ್ತೆ ಒಳ್ಳೆಯವಳಾಗಿಬಿಡುತ್ತಾಳೆ" ಅಂದ ಬ್ಯಾಂಕಿಂಗ್.

ಸೀರಿಯಲ್ಲಿನಲ್ಲಿ ಯಾರೂ ಕೆಲಸ ಮಾಡದೇ ಇದ್ದರೂ ಸೀರಿಯಲ್ ಮಾಡುವವರಷ್ಟು ದುಡಿಯುವ ಜನ ನಮ್ಮ ಗುಂಪಿನಲ್ಲಿ ಬೇರೆ ಇಲ್ಲ. ವಾರಕ್ಕೆ ಐದು ಆರು ಎಪಿಸೋಡ್. ಸಂಜೆ ಏಳಕ್ಕೆ ಟೆಲಿಕಾಸ್ಟ್ ಇದ್ದರೆ ಮಧ್ಯಾಹ್ನ ಮೂರಕ್ಕೆ ಇವನು ಇನ್ನೂ ಅತ್ತೆಯ ಕಣ್ಣು ಕತ್ತರಿಸುತ್ತಾ ಕೂತಿರುತ್ತಾನೆ. ಒಂದು ದಿನ ನಾನು ಕೇಳಿಯೇಬಿಟ್ಟೆ, ಒಬ್ಬಳು ಬಾಗಿಲು ತೆಗೆದರೆ ಮನೆಯವರ ಮುಖಕ್ಕೆಲ್ಲ ಮೂರು ಮೂರು ಸಲ ಜೂಮ್ ಯಾಕೆ ಹಾಕುತ್ತೀರಿ ಎಂದು. ಅವನು ಬಹಳ ಪ್ರಾಮಾಣಿಕವಾಗಿ ಹೇಳಿದ: "ನಾಳೆಯ ಸೀನ್ ಇನ್ನೂ ಬರೆದಿಲ್ಲ. ಮನೆಯಲ್ಲಿ ಒಂಬತ್ತು ಜನ ಇದ್ದರೆ ಎರಡು ನಿಮಿಷ ಸಿಗುತ್ತದೆ. ಕೂಡು ಕುಟುಂಬದ ಬೆಲೆ ನಿನಗೆ ಗೊತ್ತಿಲ್ಲ." 2020ರ ಮಾರ್ಚ್‌ನಲ್ಲಿ ಶೂಟಿಂಗ್ ನಿಂತು, ಎಲ್ಲ ಚಾನೆಲ್ಲುಗಳ ಬ್ಯಾಂಕಿಂಗೂ ಖಾಲಿಯಾಗಿ, ದೂರದರ್ಶನ 1987ರ ರಾಮಾಯಣವನ್ನು ಮತ್ತೆ ಹಾಕಿದಾಗ ಇವನು ಜೀವನದಲ್ಲಿ ಮೊದಲ ಸಲ ಎಂಟು ಗಂಟೆ ನಿದ್ದೆ ಮಾಡಿದನಂತೆ. ಆಮೇಲೆ ನಿದ್ದೆ ಬರಲಿಲ್ಲ. ಸಂಬಳ ಬಂದಿರಲಿಲ್ಲ.

ಗುರುವಾರ ನಮಗೆಲ್ಲ ರಾಯರ ದಿನ. ಅವರಿಗೆ ಟಿಆರ್‌ಪಿ ದಿನ. ಅವನೂ ಕೈ ಮುಗಿಯುತ್ತಾನೆ, ಆದರೆ ಲ್ಯಾಪ್‌ಟಾಪಿಗೆ. ಎಲ್ಲೋ ಮೀಟರ್ ಕೂರಿಸಿದ ಕೆಲವು ಸಾವಿರ ಮನೆಗಳಲ್ಲಿ ಜನ ಚಾನೆಲ್ ಬದಲಾಯಿಸಿದರೆ, ಇಲ್ಲಿ ಶುಕ್ರವಾರ ನಾಯಕಿಗೆ ನೆನಪಿನ ಶಕ್ತಿ ಹೋಗುತ್ತದೆ. ಅದಕ್ಕೂ ನಂಬರ್ ಏಳದಿದ್ದರೆ ಪಕ್ಕದ ಸೀರಿಯಲ್ ಮನೆಯವರನ್ನು ಕರೆದು ಮಹಾಸಂಗಮ.

"ನಿಮ್ಮ ಅಂಗಡಿಯಲ್ಲಿ ಮಾರುವ ಸರಕು ಅತ್ತೆ ಅಲ್ಲ, ಸೊಸೆ ಅಲ್ಲ" ಎಂದ ಲೆಡ್ಜರ್. "ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು ಅಂತ ನಿಯಮ ಇದೆ. ಆ 12 ನಿಮಿಷ ನಿಮ್ಮ ಸರಕು. ಮಿಕ್ಕ 48 ನಿಮಿಷ ಪೊಟ್ಟಣ ಕಟ್ಟುವ ಪೇಪರು."

ಬ್ಯಾಂಕಿಂಗ್‌ಗೆ ಬೇಜಾರಾಯಿತು. ಮೂರು ವರ್ಷ ಪೇಪರ್ ಕತ್ತರಿಸಿದವನಿಗೆ ಆಗದೇ ಇರುತ್ತದೆಯೇ.

ಇಷ್ಟು ಹೊತ್ತು ಸುಮ್ಮನಿದ್ದ ಶಾರ್ಕ್ ಈಗ ಎದ್ದು ಟೀವಿಗೆ ಅಡ್ಡ ನಿಂತ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಅತ್ತಿಗೆ ಕರಿದು ಕೊಟ್ಟ ಹಪ್ಪಳ. "ನಮಸ್ಕಾರ ಶಾರ್ಕ್ಸ್. ನನ್ನ ಆಸ್ಕ್, 50 ಲಕ್ಷಕ್ಕೆ 2 ಪರ್ಸೆಂಟ್."

ಲೆಡ್ಜರ್ ಬಾಯಲ್ಲಿದ್ದ ಹಪ್ಪಳ ಹಾಗೇ ಹಿಡಿದುಕೊಂಡು ಲೆಕ್ಕ ಹಾಕಿದ. "ಅಂದರೆ ಇಡೀ ಕಂಪನಿಯ ಬೆಲೆ 25 ಕೋಟಿ. ಸ್ವತ್ತು ಏನೇನಿದೆ?"

"ಬ್ರ್ಯಾಂಡ್."

"ಅದು ಬಿಟ್ಟು?"

ಮಣೆ ಒಂದು, ಲಟ್ಟಣಿಗೆ ಎರಡು, ಒಣಗಿಸಲು ಹಳೇ ಸೀರೆ ನಾಲ್ಕು, ತಾರಸಿ ಬಾಡಿಗೆಯದು. ಲೆಡ್ಜರ್ ಗಂಭೀರವಾಗಿ ಬರೆದುಕೊಂಡ. ಒಂದು ಪಾಯಿಂಟ್ ಮಾತ್ರ ಒಪ್ಪಿದ, ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ. ಅದನ್ನು ಹೇಳುವಾಗ ಅವನ ಮುಖದಲ್ಲಿ ಸಣ್ಣ ದುಃಖ ಇತ್ತು.

ಟೀವಿ ನೋಡಿ ಕೋಟಿಯ ಮಾತಾಡುವುದು ನಮಗೆ ಹೊಸದೇನಲ್ಲ. 2000ದಲ್ಲಿ ಅಮಿತಾಭ್ ಬಚ್ಚನ್ ಒಂದು ಕೋಟಿ ಇಟ್ಟುಕೊಂಡು ಕೂತಾಗ ಎಲ್ಲರ ಮನೆಯಲ್ಲೂ ಒಬ್ಬ ಚಿಕ್ಕಪ್ಪ ಸೋಫಾದಿಂದಲೇ ಗೆದ್ದವನು. 2012ರಲ್ಲಿ ಪುನೀತ್ ರಾಜ್‌ಕುಮಾರ್ ಕನ್ನಡದಲ್ಲಿ ಕೇಳಿದಾಗ ಅದೇ ಚಿಕ್ಕಪ್ಪ ಇನ್ನೂ ಜಾಸ್ತಿ ಗೆದ್ದ. ಗೆದ್ದ ದುಡ್ಡಿಗೆ 30 ಪರ್ಸೆಂಟ್ ತೆರಿಗೆ ಅಂತ ಹೇಳಿದ ಲೆಡ್ಜರನ್ನು ಆ ಮನೆಗೆ ಮತ್ತೆ ಕರೆಯಲಿಲ್ಲ.

"ನಗಬೇಡಿ" ಎಂದ ಶಾರ್ಕ್. "ಲಿಜ್ಜತ್ ಹಪ್ಪಳ ಶುರುವಾಗಿದ್ದು 80 ರೂಪಾಯಿ ಸಾಲದಲ್ಲಿ. ಮುಂಬೈಯಲ್ಲಿ ಏಳು ಹೆಂಗಸರು, ಒಂದು ತಾರಸಿ. 1959."

"ದೆಹಲಿಯಲ್ಲಿ ದೂರದರ್ಶನ ಶುರುವಾಗಿದ್ದೂ 1959" ಎಂದ ಬ್ಯಾಂಕಿಂಗ್, ಸ್ವಲ್ಪ ಚೇತರಿಸಿಕೊಂಡು. ಹಪ್ಪಳ ಮಾರ್ಚ್‌ನಲ್ಲಿ, ಟೀವಿ ಸೆಪ್ಟೆಂಬರಿನಲ್ಲಿ. ಅಂದರೆ ಹಪ್ಪಳ ಆರು ತಿಂಗಳು ದೊಡ್ಡದು. ಕೊನೆಗೆ ಆ ಹಪ್ಪಳವೇ ಟೀವಿಗೆ ಬಂದು, ಮೊಲದ ಗೊಂಬೆಯ ಕೈಯಲ್ಲಿ ಕುರುಕುರು ಅಂತ ತಿನ್ನಿಸಿಕೊಂಡಿತು. ನಮ್ಮಲ್ಲಿ ಆ ಜಾಹೀರಾತು ನೆನಪಿಲ್ಲದವರು ಯಾರೂ ಇರಲಿಲ್ಲ.

"ಆದರೆ ಅಲ್ಲಿ ಹಪ್ಪಳ ಒತ್ತುವವರೇ ಮಾಲೀಕರು" ಎಂದ ಲೆಡ್ಜರ್. "ಲಾಭ ಬಂದರೆ ಅವರವರಲ್ಲೇ ಹಂಚಿಕೆ. ಹೊರಗಿನವನಿಗೆ 2 ಪರ್ಸೆಂಟ್ ಮಾರುವ ಮಾತೇ ಇಲ್ಲ."

ಅಷ್ಟರಲ್ಲಿ ಅತ್ತಿಗೆ ಎರಡನೇ ತಟ್ಟೆ ತಂದಿಟ್ಟರು. ಸೆರಗಿಗೆ ಕೈ ಒರೆಸಿಕೊಂಡು, ಮೈದುನನನ್ನು ನೋಡಿ, ಬಹಳ ಮೆತ್ತಗೆ ಕೇಳಿದರು: "2 ಅವರಿಗೆ. ಸರಿ. ಮಿಕ್ಕ 98 ಯಾರದು?"

ಮಳೆ ಕೂಡ ಸ್ವಲ್ಪ ನಿಂತ ಹಾಗಾಯಿತು. ಶಾರ್ಕ್ ಲೆಡ್ಜರನ್ನು ನೋಡಿದ. ಲೆಡ್ಜರ್ ನನ್ನನ್ನು ನೋಡಿದ. ನಾನು ಹಪ್ಪಳ ನೋಡಿದೆ.

"ಢಣ್" ಎಂದ ಬ್ಯಾಂಕಿಂಗ್, ಎರಡೂ ಕೈ ಚೌಕಟ್ಟು ಮಾಡಿ ಶಾರ್ಕ್ ಮುಖಕ್ಕೆ ಹಿಡಿದು. "ಢಣ್. ಢಣ್."